ಗಿರಣಿ ಹೊತ್ತಿನ ಜಾಗಟೆ

ನನಗೆ ಅಳಲು ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಕೆಲವರಿಗೆ ಈಜಲು ಬರುವುದಿಲ್ಲ, ಕೆಲವರಿಗೆ ಹೋಳಿಗೆ ತೆಳ್ಳಗೆ ಲಟ್ಟಿಸಲು ಬರುವುದಿಲ್ಲ, ನನಗೆ ಅಳಲು ಬರುವುದಿಲ್ಲ, ಅಷ್ಟೆ. ದುಃಖವೇ ಆಗುವುದಿಲ್ಲವೆಂದು ತಿಳಿಯಬೇಡಿ. ನಾಲ್ಕು ಮಂದಿಗೆ ಆಗುವಷ್ಟು ನನಗೂ ಆಗುತ್ತದೆ. ಆದರೆ ಅದು ಗಂಟಲತನಕ ಬಂದು, ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ಯೋಚಿಸುವ ಬೀಗರ ಹಾಗೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಮದುವೆಯಾಗಿ ತಂಬೂರಿನಿಂದ ಶಲವಡಿಗೆ ಹೊರಟ ದಿನ ನನ್ನ ತವರಿನ ಹೆಂಗಸರೆಲ್ಲ ಅತ್ತರು, ಗಂಡಸರೂ ಟವೆಲ್ಲು ಮುಖಕ್ಕೆ ಹಿಡಿದರು, ಬಾಡಿಗೆ ಮೋಟಾರಿನ ಡ್ರೈವರ್ ಕೂಡ ಎರಡು ಸಲ ಮೂಗು ಒರೆಸಿಕೊಂಡ. ನಾನು ಮಾತ್ರ ಬುತ್ತಿ ಗಂಟಿನಿಂದ ಎಣ್ಣೆ ಸೋರಿ ಸೀರೆಗೆ ಹತ್ತುವುದೇನೋ ಎಂದು ಅದನ್ನೇ ನೋಡುತ್ತ ಕುಳಿತಿದ್ದೆನಂತೆ. ಈ ಸುದ್ದಿ ನನಗಿಂತ ಮೊದಲೇ ಶಲವಡಿಗೆ ಬಂದು ಇಳಿದಿತ್ತು.

ನಮ್ಮ ಕಡೆ ಇದು ಸಣ್ಣ ಊನವಲ್ಲ. ಒಬ್ಬರು ತೀರಿಕೊಂಡರೆ ಇಲ್ಲಿಯ ಹೆಂಗಸರು ಸುಮ್ಮನೆ ಕಣ್ಣೊರೆಸಿಕೊಂಡು ಕೂಡುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಹೋದವರ ಒಂದೊಂದೇ ಗುಣ ಎತ್ತಿ, ಅದನ್ನು ರಾಗಕ್ಕೆ ಹಚ್ಚಿ, ಸಾಲಿನ ಕೊನೆಗೆ ‘ನನ್ನವ್ವಾ’ ಎಂದೋ ‘ನನ್ನಪ್ಪಾ’ ಎಂದೋ ಎಳೆದು, ಉಸಿರು ತೆಗೆದುಕೊಂಡು ಮುಂದಿನ ಗುಣಕ್ಕೆ ಹೋಗುತ್ತಾರೆ. ಬದುಕಿದ್ದಾಗ ಹೇಳಿಕೊಳ್ಳುವಂಥ ಗುಣ ಇಲ್ಲದವರಿಗೂ ಆ ಹೊತ್ತಿಗೆ ಹತ್ತಾರು ಹುಟ್ಟಿಕೊಳ್ಳುತ್ತವೆ. ಅದು ಶಿವನ ದೊಡ್ಡಸ್ತಿಕೆ. ಆದರೆ ಇದಕ್ಕೊಂದು ಕಟ್ಟಳೆಯಿದೆ. ಮೊದಲ ದನಿ ಮನೆಯ ಹೆಂಗಸೇ ತೆಗೆಯಬೇಕು. ಮಗಳಿದ್ದರೆ ಮಗಳು, ಇಲ್ಲದಿದ್ದರೆ ಸೊಸೆ. ಆಕೆ ತೆಗೆದ ಮೇಲೆ ಓಣಿಯವರು ಕೂಡಿಕೊಳ್ಳುತ್ತಾರೆ. ಮನೆಯವಳೇ ಬಾಯಿ ಮುಚ್ಚಿಕೊಂಡು ಕುಳಿತರೆ, ಹೊರಗಿನವರು ಎಷ್ಟೇ ಚೆನ್ನಾಗಿ ಅಳಬಲ್ಲವರಾದರೂ ತಾವಾಗಿ ಸುರು ಮಾಡುವಂತಿಲ್ಲ. ಪಂಕ್ತಿಯಲ್ಲಿ ಎಲೆ ಮುಂದಿಟ್ಟುಕೊಂಡು ಹಿರಿಯರು ತುತ್ತು ಎತ್ತಲಿ ಎಂದು ಕಾಯುವ ಹಾಗೆ ಕಾಯಬೇಕು.

ನಮ್ಮ ಅತ್ತೆಯವರಿಗೆ ಹೆಣ್ಣುಮಕ್ಕಳಿಲ್ಲ. ಒಬ್ಬನೇ ಮಗ, ಅವರೇ ನಮ್ಮವರು. ಆ ಮಗನಿಗೆ ಒಬ್ಬಳೇ ಹೆಂಡತಿ, ಬುತ್ತಿ ಗಂಟು ನೋಡುತ್ತ ಬಂದವಳು. ಅತ್ತೆಯವರಿಗೆ ಸಾವಿನ ಹೆದರಿಕೆ ಇರಲಿಲ್ಲ. ನಿತ್ಯ ಲಿಂಗಪೂಜೆ ಮಾಡುವವರು, ಕರೆ ಬಂದ ದಿನ ಹೋಗುವುದು ಎಂದು ನಿಶ್ಚಿಂತೆಯಾಗಿದ್ದರು. ಅವರಿಗಿದ್ದ ಹೆದರಿಕೆ ಒಂದೇ: ಸದ್ದಿಲ್ಲದೆ ಹೋಗಬೇಕಾದೀತು ಎಂದು. ಬಾಜೂ ಮನೆಯ ಗಂಗವ್ವ ಹಾಡಿಕೊಂಡು ಅಳುವುದರಲ್ಲಿ ಊರಿಗೇ ಹೆಸರಾದವಳು. ಅತ್ತೆಯವರು ಆಕೆಗೆ ಆಗಾಗ ಬೆಣ್ಣೆ, ಮಜ್ಜಿಗೆ ಕೊಟ್ಟು ಆ ಕಡೆಯ ವ್ಯವಸ್ಥೆ ಭದ್ರ ಮಾಡಿಕೊಂಡಿದ್ದರು. ತೊಡಕು ಇದ್ದದ್ದು ಮನೆಯೊಳಗೆ.

“ಗಂಗವ್ವಾ, ನಿನ್ನ ಕಡಿಂದ ನನಗೇನ ಕಾಳಜಿ ಇಲ್ಲ” ಎಂದು ಅತ್ತೆಯವರು ನನ್ನೆದುರಿಗೇ ಹೇಳುತ್ತಿದ್ದರು. “ಆದ್ರ ಇಕಿ ಬಾಯಿ ತಗದರ ಅಲ್ಲೇನ ನೀ ಅಳೂದು?”

“ತಗೀತಾಳ ಬಿಡ ಬೇ ಯವ್ವಾ. ಆ ಹೊತ್ತಿಗೆ ತಂತಾನ ಬರತೈತಿ.”

“ಏನ ಬರತೈತಿ? ನಿಮ್ಮನಿ ಎಮ್ಮಿ ಸತ್ತಾಗ ನೀ ಅತ್ತಿದ್ಯಲ್ಲ, ಅದರ ಅರ್ಧಾರ ಅಳತಾಳೇನ ಕೇಳ ಇಕೀನ.”

ಗಂಗವ್ವ ನನ್ನ ಕಡೆ ತಿರುಗಿ, “ಅಳತೀನಿ ಅಂತ ಹೇಳಿಬಿಡ ಬೇ ನೀಲವ್ವಾ, ಜೀವಕ್ಕ ಸಮಾಧಾನ ಆಗಲಿ” ಅಂದಳು. ನಾನು “ನೋಡೂಣು” ಅಂದೆ. ಸುಳ್ಳು ಹೇಳಲು ಬರದಿರುವುದು ನನ್ನ ಇನ್ನೊಂದು ಊನ. ಅತ್ತೆಯವರು ಗೋಡೆಯ ಕಡೆ ಹೊರಳಿ ಮಲಗಿಕೊಂಡರು.

ಇಷ್ಟರಲ್ಲಿ ನಮ್ಮವರ ವಿಷಯಕ್ಕೆ ಬರಬೇಕು. ಅವರು ಊರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಹುಬ್ಬಳ್ಳಿಯಲ್ಲಿ ಕೊಂಡ ಒಂದು ಪೆಟ್ಟಿಗೆಯಂಥ ರಿಕಾರ್ಡ್ ಪ್ಲೇಯರ್ ಮನೆಯಲ್ಲಿದೆ. ಅದರ ಮೇಲೆ ಅಲ್ಲಿಯತನಕ ವಚನ, ಭಜನೆಯ ಪ್ಲೇಟುಗಳು ಮಾತ್ರ ತಿರುಗಿದ್ದವು. ಅವರ ಜೊತೆ ಕಾಲೇಜಿನಲ್ಲಿ ಓದಿದ ಗೆಳೆಯರೊಬ್ಬರು ಧಾರವಾಡದಲ್ಲಿ ಪ್ರೊಫೆಸರ್. ಒಂದು ವರ್ಷ ಪರದೇಶಕ್ಕೆ ಹೋಗಿ, ಬೆಲ್‌ಬಾಟಮ್ ಪ್ಯಾಂಟು ಮತ್ತು ಕೆಲವು ಪ್ಲೇಟುಗಳ ಜೊತೆ ತಿರುಗಿ ಬಂದಿದ್ದರು. ಅವರ ಮನೆಯಲ್ಲಿ ಸಂಗೀತ ಪ್ರೇಮಿಗಳು ಆಗಾಗ ಕೂಡುತ್ತಾರೆ. ಅಲ್ಲಿ ಒಂದು ದಿನ ನಮ್ಮವರು ಏನೋ ಮಾತಿಗೆ, “ಹೊಸ ಸಂಗೀತ ಅಂದ್ರ ಅರ್ಧ ವಿಜ್ಞಾನನ” ಅಂದುಬಿಟ್ಟರಂತೆ. ಅಂದದ್ದೇ ತಪ್ಪಾಯಿತು. ಪ್ರೊಫೆಸರು ಎರಡು ಪ್ಲೇಟು ತಂದು ಇವರ ಕೈಗಿಟ್ಟು, “ಹಂಗಾದ್ರ ಮುಂದಿನ ಕೂಟಕ್ಕ ನೀವ ಮಾತಾಡ್ರಿ. ಒಂದ ಕೃತಿ, ಎರಡು ತಂಡ ನುಡಿಸ್ಯಾವ. ಯಾವದು ಛಲೋ, ಯಾಕ ಛಲೋ ಅಂತ ಹೇಳ್ರಿ” ಅಂದರು. ಒಲ್ಲೆ ಅನ್ನಲು ನಮ್ಮವರ ನಾಲಿಗೆ ಹೊರಳಲಿಲ್ಲ. ಪ್ಲೇಟುಗಳನ್ನು ಹೊಸ ಸೊಸೆಯನ್ನು ಕರೆತರುವ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

“ಎರಡರಾಗೂ ಒಂದ ಹಾಡೇನ್ರಿ?” ಎಂದು ಕೇಳಿದೆ.

“ಹಾಡಲ್ಲ. ಕೃತಿ.”

“ಯಾರ ಹಾಡ್ಯಾರ?”

“ಯಾರೂ ಹಾಡೂದಿಲ್ಲ. ಬಾರಸ್ತಾರ.”

“ಏನ ಬಾರಸ್ತಾರ?”

“ಕೈಗೆ ಸಿಕ್ಕದ್ದು” ಅಂದರು. ಸ್ವಲ್ಪ ಹೊತ್ತಿನ ಮೇಲೆ, “ಅದ ಅದರ ದೊಡ್ಡತನ” ಎಂದು ಸೇರಿಸಿದರು.

ಬರೆದವನು ಯುರೋಪಿನ ಕಡೆಯ ಒಬ್ಬ ದೊಡ್ಡ ಸಂಗೀತಗಾರನಂತೆ. ಹೆಸರು ನನ್ನ ನಾಲಿಗೆಗೆ ಕೂಡಲಿಲ್ಲ, ನಮ್ಮವರ ನಾಲಿಗೆಗೂ ದಿನಕ್ಕೊಂದು ಥರ ಕೂಡುತ್ತಿತ್ತು. ಹೀಗಾಗಿ ಮನೆಯಲ್ಲಿ ಅವನಿಗೆ ‘ಆ ಮನುಷ್ಯಾ’ ಎಂದೇ ಹೆಸರಾಯಿತು. ಆ ಮನುಷ್ಯ ಡೊಳ್ಳು, ನಗಾರಿ, ಕಟ್ಟಿಗೆ ತುಂಡು, ದನದ ಕೊರಳ ಗಂಟೆ, ಜಾಗಟೆ ಎಲ್ಲ ಕೂಡಿಸಿ, ಅದರ ಜೊತೆಗೆ ಕರೆಂಟಿನಿಂದ ಹುಟ್ಟಿಸಿದ ಸ್ವರ ಸೇರಿಸಿದ್ದಾನೆ ಎಂದು ನಮ್ಮವರು ತಿಳಿಸಿ ಹೇಳಿದರು. ನನಗೆ ಆಶ್ಚರ್ಯವಾದದ್ದು ಅದೊಂದೇ. ನಮ್ಮ ಊರಿಗೆ ಬರುವ ಕರೆಂಟು ಒಂದು ಬಲ್ಬಿಗೆ ಸಾಲದು. ಅಲ್ಲಿ ದೀಪ, ಗಿರಣಿ, ಪಂಪು ಎಲ್ಲ ಮುಗಿದು ಇನ್ನೂ ಮಿಕ್ಕಿದ್ದನ್ನು ಸಂಗೀತಕ್ಕೆ ಹಾಕುತ್ತಾರೆಂದರೆ ಎಂಥ ಪುಣ್ಯವಂತರ ಊರಿರಬೇಕು!

ಹೋಲಿಸಿ ನೋಡುವ ಕೆಲಸ ಸುರುವಾಯಿತು. ರಜೆಯ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಹುಡುಗನನ್ನು ಆಡಲು ಹೊರಗೆ ಕಳಿಸಿ, ಪಡಸಾಲೆಯ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ನಮ್ಮವರು ಕುರ್ಚಿಯ ಮೇಲೆ ಕಣ್ಣುಮುಚ್ಚಿ ಕೂಡುತ್ತಿದ್ದರು. ನಾನೂ ಕೂಡಬೇಕೆಂದು ಹಟ. “ಕಲತ ಕಿವಿಗೆ ಪೂರ್ವಗ್ರಹ ಇರತಾವ. ಕಲಿಯದ ಕಿವಿ ಬೇಕು. ನಿಂದ ಅಗದಿ ಶುದ್ಧ ಕಿವಿ” ಅಂದರು. ಏಳನೆಯ ಇಯತ್ತೆಗೆ ಸಾಲೆ ಬಿಡಿಸಿದ್ದಕ್ಕೆ ಅಪ್ಪನ ಮೇಲೆ ನನಗೆ ಸಿಟ್ಟಿತ್ತು. ಅದರಿಂದ ಇಂಥದೊಂದು ಯೋಗ್ಯತೆ ಬರುತ್ತದೆಂದು ಗೊತ್ತಿರಲಿಲ್ಲ. ತೊಗರಿಬೇಳೆಯ ಮೊರ ಮುಂದಿಟ್ಟುಕೊಂಡು ಕುಳಿತೆ. ಮೊರ ಆಡಿಸಿದರೆ ಸಪ್ಪಳವಾಗುತ್ತದೆಂದು ಅದನ್ನೂ ಬೇಡವೆಂದರು. ಸುಮ್ಮನೆ ಕೂಡುವುದು ಅಭ್ಯಾಸವಿಲ್ಲದ್ದರಿಂದ ಮನಸ್ಸಿನಲ್ಲೇ ಶಿವನಾಮ ಜಪಿಸಿದೆ. ಆದರೆ ‘ಓಂ ನಮಃ’ ಅಂದ ಕೂಡಲೇ ಪ್ಲೇಟಿನಲ್ಲಿ ಯಾರೋ ಏನನ್ನೋ ಎತ್ತಿ ಒಗೆಯುತ್ತಿದ್ದರು, ‘ಶಿವಾಯ’ ಗಾಬರಿಯಾಗಿ ಒಳಗೇ ಉಳಿಯುತ್ತಿತ್ತು. ಒಂದು ಪ್ಲೇಟಿಗೆ ಶಿವ ಎರಡೇ ಮಗ್ಗುಲು ಇಟ್ಟಿದ್ದಾನಲ್ಲ, ಅದೇ ಆತನ ದಯೆ ಎಂದುಕೊಂಡೆ.

“ಏನ ಫರಕ ಕಂಡಿತು?” ಎಂದು ಮೊದಲ ದಿನ ಕೇಳಿದರು.

ನನಗೆ ಎರಡೂ ಒಂದೇ ಗದ್ದಲ. ಆದರೂ ಎದುರಿನ ಮುಖ ನೋಡಿ ಏನಾದರೂ ಹೇಳಬೇಕು ಅನಿಸಿತು. “ಮೊದಲನೇದ್ರಾಗ ಪಾತ್ರಿ ಬಿದ್ದ ಕೂಡ್ಲೆ ಯಾರೋ ಎತ್ತಿ ಇಟ್ಟಾರ್ರಿ. ಎರಡನೇದ್ರಾಗ ಬಿದ್ದದ್ದು ಬಿದ್ದಲ್ಲೇ ಬಿಟ್ಟಾರ” ಅಂದೆ.

“ಭಲೇ!” ಎಂದು ಕುರ್ಚಿಯಿಂದ ಎದ್ದುಬಿಟ್ಟರು. “ಅನುರಣನ! ಎರಡನೇದು ದೊಡ್ಡ ಹಾಲಿನ್ಯಾಗ ನುಡಿಸಿದ್ದು!” ಮದುವೆಯಾದ ಮೇಲೆ ಭಲೇ ಅನ್ನಿಸಿಕೊಂಡದ್ದು ಅದೇ ಮೊದಲು. ಆಸೆ ಹುಟ್ಟಿತು. ಮುಂದಿನ ಸಲ ಮೊದಲೇ ಯೋಚಿಸಿ ಇಟ್ಟುಕೊಂಡು, “ಇವತ್ತ ಆಕಳ ಗಂಟಿ ಕೇಳಿದ್ರ ಯಾಕೋ ಹಿಂಡಿ ತರೂದು ನೆನಪಾತ್ರಿ” ಅಂದೆ. ನಮ್ಮವರು ಬಹಳ ಹೊತ್ತು ನನ್ನನ್ನೇ ನೋಡಿ, “ಹಂಗಲ್ಲ” ಅಂದರು. ಶುದ್ಧ ಕಿವಿ ಒಂದೇ ದಿನದಲ್ಲಿ ಕೆಟ್ಟುಹೋಯಿತು.

ನಡುಮನೆಯ ಹೊರಸಿನ ಮೇಲೆ ಮಲಗಿದ್ದ ಅತ್ತೆಯವರೂ ಕೇಳುತ್ತಿದ್ದರು. ಪ್ರತಿ ಸಲ ಜಾಗಟೆ ಬಿದ್ದಾಗ, “ಏನ ಕೆಡವಿದಿ ಬೇ?” ಎಂದು ಕೂಗುತ್ತಿದ್ದರು.

“ಏನೂ ಕೆಡವಿಲ್ರಿ. ಸಂಗೀತ.”

“ಪಾತ್ರಿಗೆ ತಗ್ಗ ಬಿತ್ತೇನ ನೋಡ ಮೊದಲ.”

ಅವರ ಕಿವಿ ನನ್ನದಕ್ಕಿಂತ ಶುದ್ಧವಾಗಿತ್ತು. ಆದರೆ ನಮ್ಮವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಕೂಟಗಳೆಲ್ಲ ಮಧ್ಯಾಹ್ನವೇ ಯಾಕೆ ಎಂದು ಹೇಳಬೇಕು. ಸಂಜೆಯ ಮುಂದೆ ನಮ್ಮ ಊರ ಹಿಟ್ಟಿನ ಗಿರಣಿ ಸುರುವಾಗುತ್ತದೆ. ಗಿರಣಿ ತಿರುಗಲು ಹತ್ತಿತೆಂದರೆ ಊರಿಗೆ ಬಂದ ಕರೆಂಟನ್ನೆಲ್ಲ ಅದೇ ನುಂಗುತ್ತದೆ. ಬಲ್ಬುಗಳು ಕೆಂಪಗೆ ಕಣ್ಣುಬಿಟ್ಟುಕೊಂಡು ಕೂಡುತ್ತವೆ, ರೇಡಿಯೋದ ವಾರ್ತೆ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಅದಕ್ಕೇ ನಮ್ಮವರು ಗಿರಣಿ ಹೊತ್ತಿನಲ್ಲಿ ಪ್ಲೇಟು ಹಚ್ಚುತ್ತಿರಲಿಲ್ಲ. ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಮಾತ್ರ ಹಚ್ಚಿದರು. ಎರಡು ಪ್ಲೇಟುಗಳಲ್ಲಿ ಯಾವುದು ಛಲೋ ಎಂದು ಅವರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಮರುದಿನ ಅಷ್ಟು ಮಂದಿಯ ಎದುರು ನಿಲ್ಲಬೇಕು. ಗಿರಣಿಯನ್ನು ನೋಡುತ್ತ ಕೂಡುವ ಹೊತ್ತು ಅದಾಗಿರಲಿಲ್ಲ.

ಅತ್ತೆಯವರಿಗೆ ಆಗ ಒಂದು ವಾರದಿಂದ ಥಂಡಿ ಜ್ವರ. ಡಾಕ್ಟರು ಬಂದು ಸೂಜಿ ಮಾಡಿ, ಹೆದರುವುದೇನಿಲ್ಲ ಎಂದು ಹೇಳಿ ಹೋಗಿದ್ದರು. ಆದರೆ ಅವತ್ತು ಮುಂಜಾನೆಯಿಂದ ಗಂಜಿಯ ಬಟ್ಟಲನ್ನು ಬಾಯಿಗೆ ಹಚ್ಚಿರಲಿಲ್ಲ. “ನಂದ ಮುಗೀತ ತಂಗಿ. ಹಣಿಗಿಷ್ಟು ವಿಭೂತಿ ಹಚ್ಚು” ಅಂದರು. ಮುಗಿಯಿತು ಎಂದು ಅವರು ದಿನಾ ಅನ್ನುತ್ತಿದ್ದರು, ತಂಗಿ ಎಂದು ದಿನಾ ಅನ್ನುತ್ತಿರಲಿಲ್ಲ. ವಿಭೂತಿ ಹಚ್ಚಿ, ಕೌದಿ ಸರಿಮಾಡಿ, “ಒಂದೀಟ ಅತ್ತಿ ಕಡೆ ನೋಡಕೋತ ಇರ್ರಿ” ಎಂದು ನಮ್ಮವರಿಗೆ ಹೇಳಿ, ಜೋಳದ ಡಬ್ಬಿ ಎತ್ತಿಕೊಂಡು ಗಿರಣಿಗೆ ಹೋದೆ. ಸಾವು ಬದುಕು ಏನೇ ಇರಲಿ, ಸಂಜೆಗೆ ರೊಟ್ಟಿಗೆ ಹಿಟ್ಟು ಬೇಕಲ್ಲ.

ಹಿಟ್ಟು ಬೀಸಿಸಿಕೊಂಡು ತಿರುಗಿ ಬರುವಾಗ ನಮ್ಮ ಓಣಿಯ ತಿರುವಿನಲ್ಲಿ ಜಾಗಟೆ ಕೇಳಿಸಿತು.

ನಮ್ಮಲ್ಲಿ ಪೂಜೆಗೂ ಅದೇ ಜಾಗಟೆ, ಮಣ್ಣಿಗೂ ಅದೇ ಜಾಗಟೆ. ವ್ಯತ್ಯಾಸ ಇರುವುದು ಹೊಡೆತದಲ್ಲಿ. ಪೂಜೆಯದು ಬಡಬಡ ಓಡುತ್ತದೆ. ಮನುಷ್ಯ ಹೋದಾಗಿನದು ಹಾಗಲ್ಲ. ಒಂದು ಏಟು ಹಾಕಿ, ಅದು ಪೂರಾ ಸಾಯುವ ತನಕ ಬಿಟ್ಟು, ಆಮೇಲೆ ಇನ್ನೊಂದು. ಅದರ ನಡುವೆ ಶಂಖ. ನಾನು ಕೇಳಿದ್ದು ಅಗದಿ ಅದೇ. ಢಣ್ ಎಂದು ಒಂದು ಭಾರವಾದ ಏಟು, ಅದು ಕರಗಿ ಕರಗಿ ಹೋದ ಮೇಲೆ ಹೊಟ್ಟೆಯೊಳಗಿಂದ ಎದ್ದುಬಂದಂಥ ಉದ್ದ ಶಂಖದ ದನಿ, ಮತ್ತೆ ಢಣ್. ನಮ್ಮ ಮನೆಯೊಳಗಿಂದ. ಕಟ್ಟೆಯ ಮುಂದೆ ಬಂದರೆ ಬಾಗಿಲು ಮುಚ್ಚಿತ್ತು.

ನೀವು ಕೇಳಬಹುದು, ಅದೇ ಪ್ಲೇಟನ್ನು ಅಷ್ಟು ದಿನ ಕೇಳಿದವಳಿಗೆ ಗುರುತು ಹತ್ತಲಿಲ್ಲವೇ ಎಂದು. ಹತ್ತಲಿಲ್ಲ. ಕರೆಂಟು ಇಳಿದಾಗ ಪ್ಲೇಟು ಸಾವಕಾಶ ತಿರುಗುತ್ತದೆ, ಸಾವಕಾಶ ತಿರುಗಿದರೆ ದನಿ ದಪ್ಪವಾಗುತ್ತದೆ, ಆ ಮನುಷ್ಯನ ಕರೆಂಟಿನ ಕುಂಯ್ ಎನ್ನುವ ಸ್ವರ ಶಂಖವಾಗುತ್ತದೆ ಎಂದು ನಮ್ಮವರು ಆಮೇಲೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಆ ಗಳಿಗೆಯಲ್ಲಿ ನನ್ನ ಹತ್ತಿರ ಕಾಗದ ಇರಲಿಲ್ಲ. ತಲೆಯ ಮೇಲೆ ಹಿಟ್ಟಿನ ಡಬ್ಬಿ ಇತ್ತು, ಕಿವಿಯಲ್ಲಿ ‘ತಂಗಿ’ ಅಂದದ್ದು ಇತ್ತು. ಡಬ್ಬಿ ಇಳಿಸಿದೆನೋ ಒಗೆದೆನೋ ಗೊತ್ತಿಲ್ಲ, ಕಟ್ಟೆಯ ಮೇಲೆ ಕುಸಿದು ಕುಳಿತೆ. ಇಷ್ಟು ವರ್ಷ ಗಂಟಲಲ್ಲಿ ನಿಂತು ಯೋಚಿಸುತ್ತಿದ್ದದ್ದು ಯಾರನ್ನೂ ಕೇಳದೆ ಹೊರಗೆ ನುಗ್ಗಿತು.

“ಹೆಣ್ಣಿಲ್ಲದ ಮನಿಯಾಗ ನನ್ನ ಹೆಣ್ಣಮಗಳಂಗ ನೋಡಿದ್ಯಲ್ಲ ನನ್ನವ್ವಾ…”

ಎದುರಿಗೆ ನಿಂತು ಒಮ್ಮೆಯೂ ‘ನೀ’ ಅಂದವಳಲ್ಲ ನಾನು. ಅಳು ಬಂದಾಗ ‘ನೀವು’ ಬರುವುದಿಲ್ಲವೆಂದು ಅವತ್ತು ಗೊತ್ತಾಯಿತು. ಎಲ್ಲೆಲ್ಲಿಯ ಮಾತುಗಳೋ ತಾವೇ ಎದ್ದುಬಂದವು.

“ಮಳಿ ಹತ್ತಿ ಎರಿ ಮಣ್ಣಾಗ ರಸ್ತಾ ಕಟ್ಟಾಗಿತ್ತ, ತವರಿಗೆ ಹೋಗಲಿಕ್ಕಾಗಲಿಲ್ಲ, ನಾ ಇದ್ದೇನೇಳ ಅಂತ ನಡಾ ಕಟ್ಟಿ ಬಾಣಂತನಾ ಮಾಡಿದ್ಯಲ್ಲ ನನ್ನವ್ವಾ… ಮಗಗ ಕಾಣದಂಗ ಕೆನಿ ತಗದ ನನ್ನ ರೊಟ್ಟಿ ಬುಡಕ ಮುಚ್ಚಿಡತಿದ್ಯಲ್ಲ ನನ್ನವ್ವಾ…”

ಹಿಂದೆ ಗಂಗವ್ವ ಬಂದು ಕೂಡಿಕೊಂಡಳು. ಆಕೆ ಕೂಡಿಕೊಂಡಳೆಂದರೆ ಓಣಿಯೇ ಕೂಡಿಕೊಂಡಂತೆ. ಹೆಂಗಸರು ಸೆರಗು ಬಾಯಿಗೆ ಹಚ್ಚಿ ಕಟ್ಟೆ ತುಂಬ ಕುಳಿತರು, ಗಂಡಸರು ಟೋಪಿ ತೆಗೆದು ನಿಂತರು. ಗಂಗವ್ವನ ಗಂಡ ಕುಣಿ ತೋಡುವವರಿಗೆ ಹೇಳಿಬರಲು ಹೋದನಂತೆ. ಒಳಗೆ ಜಾಗಟೆ ತನ್ನ ಪಾಡಿಗೆ ಬೀಳುತ್ತಲೇ ಇತ್ತು. ನನಗೆ ಉಸಿರು ಸಾಲದಾಯಿತು, ಗುಣಗಳೂ ಆ ಹೊತ್ತಿಗೆ ಕೈಗೆ ಸಿಗಲಿಲ್ಲ, ಆದರೆ ರಾಗ ನಿಲ್ಲಲಿಲ್ಲ. ಸಂಸಾರಸ್ಥ ಹೆಂಗಸಿನ ಮನಸ್ಸಿನಲ್ಲಿ ತಳದಲ್ಲಿ ಏನಿರುತ್ತದೋ ಅದೇ ಮೇಲೆ ಬಂತು.

“ತುಪ್ಪದ ಕಪಾಟಿನ ಕೀಲಿ ಎಲ್ಲಿಟ್ಟ ಹೋದಿ ನನ್ನವ್ವಾ…”

“ಉಡಿಯಾಗ ಐತಿ” ಎಂದು ಒಳಗಿನಿಂದ ಅತ್ತೆಯವರ ದನಿ ಬಂತು. “ಒಳಗ ಬಂದ ತಗೊ.”

ಎಲ್ಲರ ಅಳುವೂ ಒಮ್ಮೆಲೇ ನಿಂತಿತು, ಗಂಗವ್ವನದರ ಹೊರತು. ನುರಿತವರಿಗೆ ಸಾಲಿನ ನಡುವೆ ನಿಲ್ಲಲು ಬರುವುದಿಲ್ಲ. ಹಿಡಿದ ಸಾಲನ್ನು ‘ನನ್ನವ್ವಾ’ ತನಕ ಮುಟ್ಟಿಸಿ, ಆಮೇಲೆ ಗಾಬರಿಯಾದಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ನಮ್ಮವರು ಕೆಂಡವಾಗಿ ನಿಂತಿದ್ದರು.

“ಒಂದೀಟ ಸುಮ್ಮನ ಕೂಡ್ರರಿ! ಎರಡನೇ ಪ್ಲೇಟ ಈಗ ಸುರು ಮಾಡೇನಿ!” ಅಂದರು. ಆಮೇಲೆ ಕಟ್ಟೆ ತುಂಬಿದ ಮಂದಿ ಕಣ್ಣಿಗೆ ಬಿತ್ತು. ದನಿ ಇಳಿಸಿ ಕೇಳಿದರು: “ಯಾರ ಹೋದ್ರು?”

“ನಿಮ್ಮವ್ವ ಅಲ್ಲೇನ್ರಿ ಮಾಸ್ತರ?” ಅಂದಳು ಗಂಗವ್ವ.

“ಯವ್ವಾ?” ಎಂದು ನಮ್ಮವರು ಒಳಗೆ ಓಡಿದರು. ಮಧ್ಯಾಹ್ನದಿಂದ ಅದೇ ಮನೆಯಲ್ಲಿ, ಒಂದು ಗೋಡೆಯ ಈಚೆ ಕುಳಿತಿದ್ದ ಮಗ. ಇದನ್ನು ನಾನು ಆಡಿಕೊಳ್ಳಲೆಂದು ಹೇಳುತ್ತಿಲ್ಲ. ಸಂಗೀತದಲ್ಲಿ ಅವರು ಎಷ್ಟು ತಲ್ಲೀನರಾಗಿದ್ದರೆಂದು ತಿಳಿಯಲಿ ಎಂದು ಹೇಳಿದೆ.

ಅತ್ತೆಯವರು ಹೊರಸಿನ ಮೇಲೆ ಎದ್ದು ಕುಳಿತಿದ್ದರು. ಕೌದಿ ಸರಿದಿತ್ತು, ಗಲ್ಲಕ್ಕೆ ಕೈ ಹಚ್ಚಿಕೊಂಡಿದ್ದರು. ಮೊದಲಿಂದ ಕೊನೆಯವರೆಗೆ ಕೇಳಿದವರ ಕಳೆ ಮುಖದ ಮೇಲಿತ್ತು. “ಬಂದೀರಿ, ಕೂಡ್ರರಿ. ನೀಲಾ, ಚಾ ಇಡು” ಅಂದರು. ಸತ್ತವರ ಮನೆಯೆಂದು ಬಂದವರು ಚಹಾ ಕುಡಿದು ಹೋಗುವುದು ಸರಿಯೋ ತಪ್ಪೋ ಎಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಸತ್ತವರೇ ಕೂಡ್ರರಿ ಅಂದಮೇಲೆ ಏನು ಮಾಡುವುದು? ಕುಳಿತರು. ಒಬ್ಬಾತ ಗಂಗವ್ವನ ಗಂಡನನ್ನು ತಿರುಗಿ ಕರೆಯಲು ಓಡಿದ. ನಾನು ಮುಖ ತೊಳೆಯದೆ ಒಲೆಯ ಮುಂದೆ ಕುಳಿತೆ. ಅತ್ತೆಯವರು ಬಂದ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿ, “ಶಂಕ್ರವ್ವ ಕಾಣವಲ್ಲಳು?” ಎಂದು ಕೇಳಿದರು.

“ಆಕಿ ಅಣ್ಣಿಗೇರಿಗೆ ಸಂತಿಗೆ ಹೋಗ್ಯಾಳ್ರಿ ಯವ್ವಾ.”

“ಹಂಗಾರ ಇರಲಿ” ಎಂದು ಶಂಕ್ರವ್ವನನ್ನು ಕ್ಷಮಿಸಿದರು. ಗಂಗವ್ವನಿಗೆ ಮಾತ್ರ ಒಳಗೊಳಗೇ ಅಸಮಾಧಾನ. ಕಪ್ಪು ಬಸಿ ತಿರುಗಿ ಕೊಡುವಾಗ ನನ್ನ ಕಿವಿಯಲ್ಲಿ, “ಎಂಥಾ ಸೊಲ್ಲ ಬಿದ್ದಿದ್ದುವ ಬೇ ನನಗ. ಎಲ್ಲಾ ದಂಡಾತು” ಅಂದಳು.

ಅವತ್ತು ರಾತ್ರಿ ಅತ್ತೆಯವರು ಕೇಳಿ ಹಾಕಿಸಿಕೊಂಡು ಎರಡು ರೊಟ್ಟಿ ಉಂಡರು. ಸೂಜಿಯಿಂದ ಆಗದ್ದು ಯಾವುದರಿಂದ ಆಯಿತೆಂದು ಡಾಕ್ಟರಿಗೆ ನಾವು ತಿಳಿಸಲಿಲ್ಲ. ಮರುದಿನ ನಮ್ಮವರು ಧಾರವಾಡದ ಬಸ್ಸು ಹತ್ತಿದ ಮೇಲೆ ಅತ್ತೆಯವರು ನನ್ನನ್ನು ಹತ್ತಿರ ಕರೆದರು.

“ಆ ಕೆನಿ ಮಾತು… ನಿನಗ ಗೊತ್ತಿತ್ತೇನು, ನಾನ ಇಡತಿದ್ದದ್ದು ಅಂತ?”

“ಗೊತ್ತಿತ್ರಿ.”

“ಮತ್ತ ಇಷ್ಟ ವರ್ಷ ಒಂದ ಮಾತ ಅನ್ನಲಿಲ್ಲ?”

“ನೀವೂ ಅನ್ನಲಿಲ್ಲಲ್ರಿ.”

ಅಂಗಳದಲ್ಲಿ ಕೋಳಿಯೊಂದು ಚೆಲ್ಲಿದ ಹಿಟ್ಟನ್ನು ಕೆದರುತ್ತಿತ್ತು. ಅದನ್ನು ಓಡಿಸಬೇಕೆಂದು ಇಬ್ಬರಿಗೂ ಅನಿಸಲಿಲ್ಲ.

ನಮ್ಮವರು ಧಾರವಾಡದಿಂದ ಬಂದು ಹೇಳಿದ ಕಥೆ ಹೀಗಿದೆ. ಅವರಿಗೆ ಯಾವ ಪ್ಲೇಟು ಛಲೋ ಎನ್ನುವ ಚಿಂತೆ ಗಿರಣಿ ಹೊತ್ತಿಗೇ ಹರಿದುಹೋಗಿತ್ತು. ಕೂಟದಲ್ಲಿ ಎದ್ದು ನಿಂತು, ಎರಡನೆಯದೇ ಶ್ರೇಷ್ಠ, ಯಾಕೆಂದರೆ ಹುಟ್ಟಾ ಕಣ್ಣೀರು ಹಾಕದ ಒಬ್ಬ ಗೃಹಿಣಿ ಅದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತದ್ದನ್ನು ತಾವು ಕಣ್ಣಾರೆ ಕಂಡಿದ್ದಾಗಿ ಹೇಳಿದರಂತೆ. ಗೃಹಿಣಿ ಯಾರು, ಯಾಕೆ ಅತ್ತಳು ಎಂದು ವಿವರಿಸಲು ಸಮಯ ಇರಲಿಲ್ಲವಂತೆ. ಪ್ರೊಫೆಸರು ಕೂಡಲೇ ಪ್ಲೇಟು ಹಚ್ಚಿದರು. ಯಾರೂ ಅಳಲಿಲ್ಲ. ಗಿರಣಿ ಹೊತ್ತಿನಲ್ಲಿ ಕೇಳಿದ್ದೇ ಇದು ಎಂದು ನಮ್ಮವರಿಗೇ ಗುರುತು ಸಿಗದಷ್ಟು ಅವಸರದಲ್ಲಿ ಅದು ಓಡಿತು. ಧಾರವಾಡದಲ್ಲಿ ಕರೆಂಟು ಪೂರಾ ಇರುತ್ತದಲ್ಲ! “ಇದರ ಖರೇ ಸ್ವರೂಪ ತಿಳೀಬೇಕಂದ್ರ ನಮ್ಮೂರ ಗಿರಣಿ ಕೂಡಿಸಿ ಕೇಳಬೇಕ್ರಿ” ಅಂದರಂತೆ ನಮ್ಮವರು. ಯಾರಾದರೂ ನಗುತ್ತಾರೆಂದು ಕಾದರು. ಒಬ್ಬರೂ ನಗಲಿಲ್ಲ. ಇಂಥ ಸಂಗೀತದ ಮುಂದೆ ಯಾವ ಮಾತಿಗೆ ನಗಬೇಕು, ಯಾವುದಕ್ಕೆ ತಲೆದೂಗಬೇಕು ಎಂದು ತಿಳಿಯದೆ ಎಲ್ಲರೂ ತಲೆದೂಗಿದರು. ಕನ್ನಡಕದ ಒಬ್ಬ ಹಿರಿಯರು, “ಗಿರಣಿ ಎಷ್ಟಕ್ಕ ಸುರು ಆಗತೈತ್ರಿ?” ಎಂದು ಕೇಳಿಕೊಂಡರಂತೆ.

ಮನೆಯಲ್ಲಿ ಬೇರೆಯೇ ಒಂದು ಹೋಲಿಕೆಯ ಕೆಲಸ ಸುರುವಾಗಿತ್ತು. ನಾನು ಅಳಬಲ್ಲೆ ಎಂದು ಗೊತ್ತಾದ ಮೇಲೆ ಅತ್ತೆಯವರು ನಿಶ್ಚಿಂತೆಯಾಗುತ್ತಾರೆಂದು ತಿಳಿದಿದ್ದೆ. ಇಲ್ಲ. ಇನ್ನೂ ಛಲೋ ಆಗಬಹುದು ಎಂದು ಅವರಿಗೆ ಅನಿಸಹತ್ತಿತು. “ಬಾಣಂತನದ್ದು ಮೊದಲ ತಗೊ, ಅದರಿಂದ ಮಂದಿ ಕರಗತಾರ. ಆಕಳ ಕರಾ ಸಾಯಲಿಕ್ಕೆ ಬಿದ್ದಾಗ ನಾ ಮೂರ ದಿನಾ ಬಾಟ್ಲಿಲೆ ಹಾಲ ಕುಡಿಸಿ ಉಳಿಸಿದ್ದು ಬಿಟ್ಟಿ. ಅದನ್ನ ಸೇರಸು. ಕೀಲಿ ಮಾತ ಮಾತ್ರ ಬ್ಯಾಡ, ನಗತಾರ.” ಸೊಪ್ಪು ಸೋಸುವಾಗ, ಶ್ಯಾವಿಗೆ ಹೊಸೆಯುವಾಗ, “ಎಲ್ಲೆ, ಒಮ್ಮಿ ಅಂದ ತೋರಸು” ಅನ್ನುತ್ತಿದ್ದರು. ನಾನು ಅನ್ನುತ್ತಿದ್ದೆ. ಅಳು ಬರುತ್ತಿರಲಿಲ್ಲ, ಸಾಲುಗಳು ಬರುತ್ತಿದ್ದವು. ಒಂದು ತಪ್ಪಿದರೂ ಹೊರಸಿನಿಂದ “ಕರದ್ದು ಬಿಟ್ಟಿ ನೋಡ” ಎಂಬ ದನಿ ಬರುತ್ತಿತ್ತು. ನಡುನಡುವೆ ನಗುತ್ತ, ಅತ್ತೆ ಸೊಸೆ ಇಬ್ಬರೂ ಅಷ್ಟು ಮಾತಾಡಿದ ದಿನಗಳು ನನಗೆ ಬೇರೆ ನೆನಪಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಅವರು ಖರೇನೇ ಹೋದರು. ಮಧ್ಯಾಹ್ನ ಪೂಜೆ ಮುಗಿಸಿ, ಇಷ್ಟಲಿಂಗ ಅಂಗೈಯಲ್ಲಿರುವಾಗಲೇ ಗೋಡೆಗೆ ಒರಗಿದರು. ನೋವಿಲ್ಲ, ನರಳಾಟವಿಲ್ಲ. ಇದಕ್ಕಿಂತ ಹೆಚ್ಚಿನ ದಯೆಯನ್ನು ನಾನು ಕೇಳಿಕೊಂಡಿರಲಿಲ್ಲ. ಮಠದ ಅಯ್ಯನವರು ಬಂದು ಜಾಗಟೆ ಹೊಡೆದರು. ಓಣಿಯವರೆಲ್ಲ ಬಂದರು, ಸಂತೆಯ ದಿನ ಅಲ್ಲದ್ದರಿಂದ ಶಂಕ್ರವ್ವನೂ ಬಂದಳು. ಎಲ್ಲರೂ ಕುಳಿತು ನನ್ನ ಮುಖ ನೋಡಿದರು. ನಾನು ದನಿ ತೆಗೆದೆ. ಅವರು ಹೇಳಿದಂತೆಯೇ ಬಾಣಂತನದಿಂದ ಹಿಡಿದೆ, ಆಮೇಲೆ ಕೆನೆ, ಆಮೇಲೆ ಹೆಣ್ಣಿಲ್ಲದ ಮನೆ. ಸಾಲುಗಳು ಸಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ ಒಂದರ ಹಿಂದೆ ಒಂದು ನೆಟ್ಟಗೆ ಬಂದವು. ಕಣ್ಣು ಒಣಗಿದ್ದವು. ನನ್ನ ದನಿ ಹೇಗೆ ಕೇಳುತ್ತಿದೆ ಎಂದು ನಾನೇ ಕಿವಿಗೊಟ್ಟು ಕೇಳುತ್ತಿದ್ದೆ. ನಡುವೆ ಕರುವಿನ ಮಾತು ಬಿಟ್ಟುಹೋಯಿತು. ಬಿಟ್ಟಾಗ ರೂಢಿಯಂತೆ ನಿಂತೆ, ಅತ್ತೆಯವರು ತಿದ್ದಲಿ ಎಂದು.

ಯಾರೂ ತಿದ್ದಲಿಲ್ಲ.

ಆಮೇಲೆ ನಾನು ಅತ್ತುಬಿಟ್ಟೆ. ಆದರೆ ಅದರಲ್ಲಿ ಸಾಲೂ ಇರಲಿಲ್ಲ, ರಾಗವೂ ಇರಲಿಲ್ಲ. ಬಾಯಿಂದ ಒಂದು ಗುಣವೂ ಹೊರಡಲಿಲ್ಲ, ಬರೀ ಅಳು. ನನ್ನ ಹಿಂದೆ ಹಿಡಿದು ಹಾಡಲು ಏನೂ ಸಿಗದೆ ಗಂಗವ್ವ ಬಹಳ ಹೊತ್ತು ಕಾದಳು, ಕೊನೆಗೆ ತನಗೆ ತಿಳಿದದ್ದನ್ನು ತಾನೇ ಹಾಡಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಳ್ಳುತ್ತ ಆಕೆ ಬಾಜೂ ಕುಳಿತ ಶಂಕ್ರವ್ವನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

“ಹ್ವಾದ ವರ್ಷದ್ದ ಛಲೋ ಇತ್ತ ಬಿಡ ಬೇ. ಅದರಾಗ ಮಾತ ಇದ್ದುವು.”

“ಹೌದಂತಲ್ಲ. ನಾ ಸಂತಿಗೆ ಹೋಗಿ ತಪ್ಪಿಸಿಕೊಂಡೆ” ಅಂದಳು ಶಂಕ್ರವ್ವ.

ಶಿವ ನನ್ನನ್ನು ಕ್ಷಮಿಸಬೇಕು. ಅತ್ತೆಯವರ ಪಾದದ ಹತ್ತಿರ ಕುಳಿತು, ಅಂಥ ದುಃಖದ ನಡುವೆ, ನನಗೆ ಸಿಟ್ಟು ಬಂತು. ಖರೇ ಅಳು ಇದು, ಇದಕ್ಕೆ ಬೆಲೆ ಇಲ್ಲ, ಗಿರಣಿಯ ಗಡಿಬಿಡಿಯಲ್ಲಿ ಕೀಲಿ ಕೇಳುತ್ತ ಅತ್ತದ್ದು ಇವರಿಗೆ ಛಲೋ ಅನಿಸುತ್ತದೆಯಲ್ಲ ಎಂದು. ಅತ್ತೆಯವರು ಇದ್ದಿದ್ದರೆ ಗಂಗವ್ವನ ಬಾಯಿ ಮುಚ್ಚಿಸಿ ನನ್ನ ಕಡೆ ಮಾತಾಡುತ್ತಿದ್ದರು ಎಂದು ಆ ಹೊತ್ತಿಗೆ ಅನಿಸಿತು. ಈಗ ಸಮಾಧಾನದಿಂದ ಯೋಚಿಸಿದರೆ, ಮಾತಾಡುತ್ತಿದ್ದರೇನೋ ನಿಜ, ಆದರೆ ಗಂಗವ್ವನ ಕಡೆಯೇ ಮಾತಾಡುತ್ತಿದ್ದರು.